ಬಾಟಲಿ ಆಮೇಲೆ ನೋಡಿ, ಸಣ್ಣ ಅಕ್ಷರ ಮೊದಲು ಓದಿ: ಅಮೆರಿಕನ್ ಶಾಂಪೇನಿನ ಹಳೆ ಜಾಹೀರಾತು ಹುಡುಕುವ, ಗುರುತಿಸುವ, ಕಾಪಾಡುವ ಬಗೆ

1950ರ ದಶಕದ ಒಂದು ಅಮೆರಿಕನ್ ಮ್ಯಾಗಜೀನಿನ ಡಿಸೆಂಬರ್ ಸಂಚಿಕೆ ಬಿಡಿಸಿ ನೋಡಿ. ಕಾರು, ಸಿಗರೇಟು, ಫ್ರಿಜ್ಜುಗಳ ಮಧ್ಯೆ ಎಲ್ಲೋ ಒಂದು ಹಸಿರು ಬಾಟಲಿ ಇರುತ್ತದೆ. ಕುತ್ತಿಗೆಗೆ ಚಿನ್ನದ ಬಣ್ಣದ ಕಾಗದ, ಪಕ್ಕದಲ್ಲಿ ಅಗಲ ಬಾಯಿಯ ಗ್ಲಾಸು, ಮೇಲೆ ದೊಡ್ಡದಾಗಿ ‘ಶಾಂಪೇನ್’. ಶಾಂಪೇನ್ ಅನ್ನುವುದು ಫ್ರಾನ್ಸಿನ ಒಂದು ಸೀಮೆಯ ಹೆಸರು, ಅಲ್ಲಿನ ನೊರೆ ವೈನಿಗೂ ಅದೇ ಹೆಸರು. ಆದರೆ ಈ ಬಾಟಲಿ ಫ್ರಾನ್ಸಿನದ್ದಲ್ಲ. ನ್ಯೂಯಾರ್ಕ್ ರಾಜ್ಯದ್ದು ಅಥವಾ ಕ್ಯಾಲಿಫೋರ್ನಿಯಾದ್ದು. ಸ್ವದೇಶಿ ಶಾಂಪೇನ್ ಅಂತಲೇ ಅನ್ನಿ.

ಹಳೆ ಕಾಗದ ಕೂಡಿಡುವ ಹುಚ್ಚಿರುವವರಿಗೆ ಇದು ಒಳ್ಳೆ ವಿಷಯ. ಕೋಕಾ ಕೋಲಾ ಜಾಹೀರಾತಿನಷ್ಟು ಪೈಪೋಟಿ ಇಲ್ಲ, ಬೆಲೆಯೂ ಕೈಗೆಟಕುವಂಥದ್ದು. ದುಡ್ಡು ಖರ್ಚು ಮಾಡದೆ ಸುಮ್ನೆ ಕಂಪ್ಯೂಟರಿನಲ್ಲಿ ನೋಡಿ ಖುಷಿಪಡುವವರಿಗೂ ಬೇಕಾದಷ್ಟಿದೆ. ನಮ್ಮಲ್ಲಿ ಮದ್ಯದ ಕಂಪನಿಗಳು ಸೋಡಾ, ಮ್ಯೂಸಿಕ್ ಸಿಡಿ ಅಂತ ಬೇರೆ ವೇಷದಲ್ಲಿ ಜಾಹೀರಾತು ಕೊಡುವುದನ್ನೇ ನೋಡಿ ಬೆಳೆದವರಿಗೆ, ಒಂದು ಕಂಪನಿ ಇಡೀ ಪುಟ ತೆಗೆದುಕೊಂಡು ‘ಇದು ವೈನ್, ಕುಡಿಯಿರಿ’ ಅಂತ ರಾಜಾರೋಷವಾಗಿ ಹೇಳುವುದೇ ಒಂದು ವಿಚಿತ್ರ.

ಶುರು ಮಾಡುವ ಮುಂಚೆ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಈ ಜಾಹೀರಾತುಗಳಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಕಂಪನಿಗೆ ಹೇಳಬೇಕು ಅನ್ನಿಸಿದ್ದು. ಸಣ್ಣ ಅಕ್ಷರದಲ್ಲಿ ಇರುವುದು ಬಹುಪಾಲು ಕಾನೂನು ಹೇಳಿಸಿದ್ದು. ಕಾಲ, ಊರು, ಬಾಟಲಿಯೊಳಗಿನ ಸತ್ಯ ಎಲ್ಲ ಸಿಗುವುದು ಎರಡನೆಯದರಲ್ಲಿ.

1. ಮೊದಲು ಕಾಲ ಆರಿಸಿಕೊಳ್ಳಿ

ಎಲ್ಲವನ್ನೂ ಕೂಡಿಹಾಕಲು ಹೊರಟರೆ ಬೀರು ತುಂಬುತ್ತದೆ, ತಲೆ ಕೆಡುತ್ತದೆ. ಈ ಜಾಹೀರಾತುಗಳಲ್ಲಿ ಮೂರು ಕಾಲಗಳು ಸ್ಪಷ್ಟವಾಗಿ ಕಾಣುತ್ತವೆ. ಒಂದನ್ನು ಹಿಡಿದುಕೊಳ್ಳಿ.

ಮೊದಲನೆಯದು 1920ಕ್ಕೆ ಹಿಂದಿನದು. ಅಮೆರಿಕದಲ್ಲಿ ನೊರೆ ಬರುವ ವೈನನ್ನು ವ್ಯಾಪಾರದ ಮಟ್ಟಕ್ಕೆ ತಂದವನು ಸಿನ್ಸಿನಾಟಿಯ ನಿಕೊಲಸ್ ಲಾಂಗ್‌ವರ್ತ್, 1840ರ ದಶಕದಲ್ಲಿ, ಕಟಾಬಾ ಅನ್ನುವ ದ್ರಾಕ್ಷಿಯಿಂದ. ಆಮೇಲೆ ಈ ಕಸುಬಿನ ಕೇಂದ್ರ ನ್ಯೂಯಾರ್ಕ್ ರಾಜ್ಯದ ಕ್ಯೂಕಾ ಸರೋವರದ ದಡಕ್ಕೆ, ಹ್ಯಾಮಂಡ್ಸ್‌ಪೋರ್ಟ್ ಎಂಬ ಸಣ್ಣ ಊರಿಗೆ ಬಂತು. 1860ರಲ್ಲಿ ಅಲ್ಲಿ ಶುರುವಾದ ಪ್ಲೆಸೆಂಟ್ ವ್ಯಾಲಿ ವೈನ್ ಕಂಪನಿ ‘ಗ್ರೇಟ್ ವೆಸ್ಟರ್ನ್’ ಹೆಸರಿನಲ್ಲಿ ಶಾಂಪೇನ್ ಮಾರುತ್ತಿತ್ತು. ಅದರ ಹಳೆ ಜಾಹೀರಾತುಗಳಲ್ಲಿ ವಿಳಾಸ ನೋಡಿ: ‘ರೀಮ್ಸ್, ನ್ಯೂಯಾರ್ಕ್’. ಫ್ರಾನ್ಸಿನ ಶಾಂಪೇನ್ ಸೀಮೆಯ ದೊಡ್ಡ ಊರಿನ ಹೆಸರನ್ನೇ ಇಲ್ಲಿನ ಅಂಚೆ ಕಚೇರಿಗೆ ಇಟ್ಟುಕೊಂಡಿದ್ದರು. ಅಂದರೆ ವಿಳಾಸವೇ ಅರ್ಧ ಜಾಹೀರಾತು. ಇದೇ ಕಾಲದ ಇನ್ನೊಂದು ಹೆಸರು ಸೇಂಟ್ ಲೂಯಿಸ್‌ನ ಅಮೆರಿಕನ್ ವೈನ್ ಕಂಪನಿಯ ‘ಕುಕ್ಸ್ ಇಂಪೀರಿಯಲ್’.

ಈ ಕಾಲದ ಜಾಹೀರಾತುಗಳು ಚಿಕ್ಕವು, ಕಪ್ಪು ಬಿಳುಪಿನವು, ಪುಟದ ಮೂಲೆಯಲ್ಲಿ ಕೂತಿರುವಂಥವು. ಚಿತ್ರ ಕಮ್ಮಿ, ವಾದ ಜಾಸ್ತಿ. ಗ್ರೇಟ್ ವೆಸ್ಟರ್ನ್‌ನವರ ವಾದ ಎರಡು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಮೆರಿಕದ ಶಾಂಪೇನುಗಳ ಪೈಕಿ ಚಿನ್ನದ ಪದಕ ಬಂದದ್ದು ನಮಗೊಬ್ಬರಿಗೇ, ಅನ್ನುವುದು ಒಂದು. ಹೊರಗಿನ ಶಾಂಪೇನಿಗೆ ನೀವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಸುಂಕಕ್ಕೇ ಹೋಗುತ್ತದೆ, ನಮ್ಮದಕ್ಕೆ ಸುಂಕವಿಲ್ಲ, ಅನ್ನುವುದು ಇನ್ನೊಂದು. ಗೆದ್ದದ್ದು ಫ್ರಾನ್ಸಿನಲ್ಲಿ, ಉಳಿತಾಯ ನಮ್ಮಲ್ಲಿ! ಜಾಣ ವ್ಯಾಪಾರ ಅಲ್ವಾ?

ಆಮೇಲೆ ಖಾಲಿ. 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ಅಮೆರಿಕದಲ್ಲಿ ಪಾನನಿಷೇಧ. ಯಾರಾದರೂ ‘1926ರ ಅಮೆರಿಕನ್ ಶಾಂಪೇನ್ ಜಾಹೀರಾತು’ ಅಂತ ಮಾರಲು ಇಟ್ಟಿದ್ದರೆ ಒಂದೋ ವರ್ಷ ತಪ್ಪು, ಇಲ್ಲವೋ ಅದು ಶಾಂಪೇನೇ ಅಲ್ಲ.

ಎರಡನೆಯ ಕಾಲ 1933ರಿಂದ 1960ರ ದಶಕದ ನಡುವಿನವರೆಗೆ. ಬಣ್ಣದ ಪೂರ್ತಿ ಪುಟಗಳು, ಕೈಯಲ್ಲಿ ಬರೆದ ಚಿತ್ರಗಳು, ಮದುವೆ, ಹೊಸ ವರ್ಷ, ಹಡಗಿನ ಪ್ರಯಾಣ. ಗ್ರೇಟ್ ವೆಸ್ಟರ್ನ್, ಗೋಲ್ಡ್ ಸೀಲ್, ಟೇಲರ್, ಕುಕ್ಸ್, ಕೋರ್ಬೆಲ್, ಪೌಲ್ ಮ್ಯಾಸನ್, ಆಲ್ಮಡೆನ್, ಕ್ರಿಶ್ಚಿಯನ್ ಬ್ರದರ್ಸ್ ಬ್ರ್ಯಾಂಡುಗಳೆಲ್ಲ ಸಿಗುತ್ತವೆ. 1940ರಲ್ಲಿ ಜರ್ಮನಿ ಫ್ರಾನ್ಸನ್ನು ಹಿಡಿದುಕೊಂಡ ಮೇಲೆ ಅಲ್ಲಿನ ಸರಕು ಬರುವುದು ನಿಂತಿತು. ಸ್ವದೇಶಿ ಕಂಪನಿಗಳಿಗೆ ಅದೇ ಸುಗ್ಗಿ. ನನ್ನನ್ನು ಕೇಳಿದರೆ ಹೊಸಬರು ಈ ಕಾಲದಿಂದಲೇ ಶುರು ಮಾಡಬೇಕು. ನೋಡಲು ಚಂದ, ಸಿಗುವುದೂ ಜಾಸ್ತಿ.

ಮೂರನೆಯದು 1960ರ ದಶಕದ ಕೊನೆಯಿಂದ 80ರ ದಶಕದವರೆಗಿನದು. ‘ಕೋಲ್ಡ್ ಡಕ್’ ಎಂಬ ಕೆಂಪು ಸಿಹಿ ನೊರೆ ವೈನಿನ ಅಲೆ, ಗ್ಯಾಲೊ ಕಂಪನಿಯ ಅಗ್ಗದ ‘ಆಂಡ್ರೆ’, ಇನ್ನೊಂದು ಕಡೆ 1965ರಲ್ಲಿ ಮತ್ತೆ ಜೀವ ಪಡೆದ ಕ್ಯಾಲಿಫೋರ್ನಿಯಾದ ಹಳೆ ವೈನ್ ಕಂಪನಿ ಶ್ರಾಮ್ಸ್‌ಬರ್ಗ್. 1972ರಲ್ಲಿ ಬೀಜಿಂಗ್‌ನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಮತ್ತು ಚೀನಾದ ಪ್ರಧಾನಿ ಚೌ ಎನ್‌ಲಾಯ್ ಗ್ಲಾಸು ಎತ್ತಿದ್ದು ಇದೇ ಶ್ರಾಮ್ಸ್‌ಬರ್ಗ್ ವೈನಿನಲ್ಲಿ. ಈ ಕಾಲದಲ್ಲಿ ಫೋಟೊಗಳದ್ದೇ ರಾಜ್ಯ.

2. ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕಬಾರದು

ದುಡ್ಡಿಲ್ಲದೆ ಶುರು ಮಾಡಬೇಕಾದರೆ ಲೈಫ್ ಮ್ಯಾಗಜೀನ್ ಸಾಕು. 1936ರಿಂದ 1972ರವರೆಗಿನ ವಾರದ ಸಂಚಿಕೆಗಳು ಗೂಗಲ್ ಬುಕ್ಸ್‌ನಲ್ಲಿ ಜಾಹೀರಾತು ಸಮೇತ ಪುಟಪುಟವಾಗಿ ಉಚಿತವಾಗಿ ಇವೆ. ಇಂಟರ್ನೆಟ್ ಆರ್ಕೈವ್‌ನಲ್ಲೂ ಹಳೆ ಮ್ಯಾಗಜೀನುಗಳು ರಾಶಿ ರಾಶಿ ಸಿಗುತ್ತವೆ. ಕಾಗದದಲ್ಲೇ ಬೇಕು ಅನ್ನುವವರು ಲೈಫ್ ಜೊತೆ ಲುಕ್, ಕಾಲಿಯರ್ಸ್, ಹಾಲಿಡೇ, ಎಸ್ಕ್ವೈರ್, ನ್ಯೂಯಾರ್ಕರ್, ಗೌರ್ಮೆ, ಎಬೊನಿ ಸಂಚಿಕೆಗಳ ಮೇಲೆ ಕಣ್ಣಿಡಿ.

ಹುಡುಕುವಾಗ ‘ಶಾಂಪೇನ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಬಿಟ್ಟರೆ ಮುಗೀತು, ಕೆನಡಾ ಡ್ರೈ ಶುಂಠಿ ಸೋಡಾ ಬರುತ್ತದೆ, ಮಿಲ್ಲರ್ ಬಿಯರ್ ಬರುತ್ತದೆ. ಒಬ್ಬರು ‘ಜಿಂಜರ್ ಏಲ್‌ಗಳ ಶಾಂಪೇನ್’ ಅಂತ ತಮ್ಮನ್ನು ಕರೆದುಕೊಳ್ಳುತ್ತಿದ್ದರು, ಇನ್ನೊಬ್ಬರು ‘ಬಾಟಲಿ ಬಿಯರುಗಳ ಶಾಂಪೇನ್’. ಶಾಂಪೇನ್ ಬಣ್ಣದ ಕಾರು, ಕಾಲುಚೀಲ ಬೇರೆ. ಅದಕ್ಕೇ ಕಂಪನಿ ಹೆಸರು ಹಾಕಿ ಹುಡುಕಿ. ಜೊತೆಗೆ ತಿಂಗಳು ನೋಡಿಕೊಳ್ಳಿ. ನವೆಂಬರ್, ಡಿಸೆಂಬರ್ ಸಂಚಿಕೆಗಳಲ್ಲಿ ಬೆಳೆ ಜಾಸ್ತಿ. ಆಮೇಲೆ ಮೇ, ಜೂನ್, ಯಾಕೆಂದರೆ ಅಮೆರಿಕದಲ್ಲಿ ಜೂನ್ ಮದುವೆಯ ತಿಂಗಳು. ಮಾರ್ಚ್, ಆಗಸ್ಟ್ ಸಂಚಿಕೆಗಳನ್ನು ತಿರುವಿ ತಿರುವಿ ಬೆರಳು ನೋಯಿಸಿಕೊಳ್ಳಬೇಡಿ.

ಎಲ್ಲಿ ಹುಡುಕಬಾರದು ಅನ್ನುವುದೂ ಮುಖ್ಯ. ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ 1958ರವರೆಗೆ ಮದ್ಯದ ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಅಮೆರಿಕದ ಮ್ಯಾಗಜೀನ್ ಅಂತ ಹುಡುಕಿದರೆ ಮೊದಲು ಕೈಗೆ ಬರುವುದು ನ್ಯಾಷನಲ್ ಜಿಯಾಗ್ರಫಿಕ್ ಮತ್ತು ರೀಡರ್ಸ್ ಡೈಜೆಸ್ಟ್. ಎರಡೂ ಈ ಕೆಲಸಕ್ಕೆ ಬರುವುದಿಲ್ಲ. ಡೈಜೆಸ್ಟಿನ ಅಮೆರಿಕನ್ ಆವೃತ್ತಿಯಲ್ಲಿ 1955ರವರೆಗೆ ಜಾಹೀರಾತೇ ಇರಲಿಲ್ಲ. ಜಿಯಾಗ್ರಫಿಕ್‌ನವರು ಮದ್ಯದ ಜಾಹೀರಾತನ್ನು ದೂರವೇ ಇಟ್ಟಿದ್ದರು. ಲೈಫ್ ಅಥವಾ ಟೈಮ್ ಇದೆಯಾ ಅಂತ ನೇರವಾಗಿ ಕೇಳಿ. ಟೈಮ್ ಆದರೆ ಅದು ಅಮೆರಿಕದ ಸಂಚಿಕೆಯೋ ಏಷ್ಯಾದ್ದೋ ಅಂತಲೂ ನೋಡಿಕೊಳ್ಳಿ. ಸುದ್ದಿ ಒಂದೇ ಇದ್ದರೂ ಜಾಹೀರಾತು ಬೇರೆ ಬೇರೆ ಇರುತ್ತವೆ.

3. ಸಣ್ಣ ಅಕ್ಷರ ಓದಿ

ಈಗ ಕೈಯಲ್ಲಿ ಒಂದು ಪುಟ ಇದೆ ಅಂದುಕೊಳ್ಳಿ. ಭೂತಗನ್ನಡಿ ತೆಗೆದುಕೊಳ್ಳಿ. ಚಿತ್ರ ಬಿಟ್ಟು ಪುಟದ ತಳಕ್ಕೆ ಹೋಗಿ.

ಮೊದಲು ಸಿಗುವುದು ಊರಿನ ಹೆಸರು. 1935ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಮದ್ಯದ ಲೇಬಲ್ಲು, ಜಾಹೀರಾತುಗಳಿಗೆ ಕಾನೂನು ತಂದಿತು. ಅದರ ನಿಯಮಗಳ ಪ್ರಕಾರ ಬರೀ ‘ಶಾಂಪೇನ್’ ಅಂತ ಬರೆಯುವ ಹಾಗಿಲ್ಲ. ಪಕ್ಕದಲ್ಲೇ ‘ನ್ಯೂಯಾರ್ಕ್ ಸ್ಟೇಟ್’, ‘ಕ್ಯಾಲಿಫೋರ್ನಿಯಾ’ ಅಥವಾ ‘ಅಮೆರಿಕನ್’ ಅಂತ ಇರಲೇಬೇಕು. ಜಾಹೀರಾತು ಕೊಟ್ಟ ಕಂಪನಿಯ ಹೆಸರು, ಊರು, ರಾಜ್ಯ, ವೈನ್ ಯಾವ ಬಗೆಯದು ಅನ್ನುವುದೂ ಇರಬೇಕು. ಕಂಪನಿಗಳು ಇದನ್ನೆಲ್ಲ ಪಾಲಿಸಿದವು. ಆದರೆ ‘ಶಾಂಪೇನ್’ ಎಷ್ಟು ದಪ್ಪಗೆ, ಊರು ಎಷ್ಟು ತೆಳ್ಳಗೆ ಅನ್ನುವುದನ್ನು ಗಮನಿಸಿ. ಒಂದೇ ಕಂಪನಿಯ ಹತ್ತು ವರ್ಷದ ಜಾಹೀರಾತುಗಳನ್ನು ಸಾಲಾಗಿ ಇಟ್ಟು ನೋಡಿದರೆ ಕಂಪನಿಯ ಧೈರ್ಯ ಏರಿದ್ದು ಇಳಿದಿದ್ದು ಅಕ್ಷರದ ಅಳತೆಯಲ್ಲೇ ಕಾಣುತ್ತದೆ.

‘ಫ್ರಾನ್ಸಿನವರು ಸುಮ್ಮನಿದ್ದರಾ?’ ಅಂತ ಕೇಳಬಹುದು. ಇರಲಿಲ್ಲ. ಮೊದಲ ಮಹಾಯುದ್ಧದ ನಂತರದ ವರ್ಸೈ ಒಪ್ಪಂದದಲ್ಲೂ ಇಂಥ ಊರಿನ ಹೆಸರುಗಳ ರಕ್ಷಣೆಗೆ ಮಾತು ಸೇರಿಸಿದ್ದರು. ಆದರೆ ಅಮೆರಿಕದ ಸೆನೆಟ್ ಆ ಒಪ್ಪಂದವನ್ನು ಒಪ್ಪಲೇ ಇಲ್ಲ. ಹಾಗಾಗಿ ಜಗಳ ಎಳೆದಾಡಿಕೊಂಡು 2006ರವರೆಗೆ ಬಂತು. ಆ ವರ್ಷ ಯುರೋಪಿನ ಜೊತೆ ಆದ ಒಪ್ಪಂದದಲ್ಲಿ ಹೊಸಬರು ಈ ಹೆಸರು ಬಳಸುವಂತಿಲ್ಲ, ಮೊದಲಿಂದ ಬಳಸುತ್ತಿದ್ದವರು ಮುಂದುವರಿಸಬಹುದು ಅಂತ ತೀರ್ಮಾನವಾಯಿತು. ಕೋರ್ಬೆಲ್ ಬಾಟಲಿಯ ಮೇಲೆ ಇವತ್ತಿಗೂ ‘ಕ್ಯಾಲಿಫೋರ್ನಿಯಾ ಶಾಂಪೇನ್’ ಅಂತ ಇರುವುದು ಅದಕ್ಕೇ. ಇದಕ್ಕೆ ತಿರುಗಾಮುರುಗಾ ಆದ ಕಥೆ ಡೊಮೇನ್ ಶಾಂಡೋನ್‌ನದು. 1973ರಲ್ಲಿ ಫ್ರಾನ್ಸಿನಲ್ಲಿ ಶಾಂಪೇನ್ ಮಾಡುವ ಮೊಯೆ ಹೆನೆಸಿಯವರೇ ನಾಪಾ ಕಣಿವೆಯಲ್ಲಿ ಕಟ್ಟಿದ ಕಂಪನಿ ಅದು. ಬೇಕಾದರೆ ಆ ಹೆಸರು ಹಾಕಿಕೊಳ್ಳಲು ಕಾನೂನಿನ ಅಡ್ಡಿ ಇರಲಿಲ್ಲ. ಆದರೂ ಅವರು ‘ಸ್ಪಾರ್ಕ್ಲಿಂಗ್ ವೈನ್’ ಅಂತಷ್ಟೇ ಬರೆದರು. ತವರಿನಲ್ಲಿ ಕಾಪಾಡಿಕೊಂಡ ಹೆಸರನ್ನು ಇಲ್ಲಿ ತಾವೇ ಹಾಳು ಮಾಡುತ್ತಾರಾ?

ಎರಡನೆಯ ಸುಳಿವು ಇನ್ನೂ ಮಜವಾಗಿದೆ. ‘ಫರ್ಮೆಂಟೆಡ್ ಇನ್ ದಿಸ್ ಬಾಟಲ್’ ಅಂತ ಇದೆಯಾ, ‘ಫರ್ಮೆಂಟೆಡ್ ಇನ್ ದ ಬಾಟಲ್’ ಅಂತ ಇದೆಯಾ ನೋಡಿ. ‘ಇದೇ ಬಾಟಲಿಯಲ್ಲಿ’ ಮತ್ತು ‘ಬಾಟಲಿಯಲ್ಲಿ’. ಓದುವವರ ಕಣ್ಣು ಇದನ್ನು ದಾಟಿ ಹೋಗಲಿ ಅಂತಲೇ ಬರೆದ ಹಾಗಿದೆ. ಹಿಂದಿರುವ ಕೆಲಸ ಮಾತ್ರ ಬೇರೆ ಬೇರೆ.

ನೊರೆ ವೈನಿನಲ್ಲಿ ಗುಳ್ಳೆ ಬರುವುದು ಎರಡನೇ ಸಲ ಹುದುಗಿಸುವುದರಿಂದ. ತಯಾರಾದ ವೈನಿಗೆ ಸ್ವಲ್ಪ ಸಕ್ಕರೆ, ಈಸ್ಟ್ ಹಾಕಿ ಬಾಟಲಿಯ ಬಾಯಿ ಮುಚ್ಚುತ್ತಾರೆ. ಹೊರಹೋಗಲು ದಾರಿಯಿಲ್ಲದ ಅನಿಲ ವೈನಿನಲ್ಲೇ ಕರಗುತ್ತದೆ. ಸತ್ತ ಈಸ್ಟ್ ತಳದಲ್ಲಿ ಕೂರುತ್ತದೆ. ಹಳೆ ಪದ್ಧತಿಯಲ್ಲಿ ಬಾಟಲಿಯನ್ನು ದಿನ ದಿನ ಸ್ವಲ್ಪ ಸ್ವಲ್ಪ ತಿರುಗಿಸಿ ತಲೆಕೆಳಗು ಮಾಡುತ್ತಾ ಬರುತ್ತಾರೆ. ಗಸಿಯೆಲ್ಲ ಕುತ್ತಿಗೆಗೆ ಇಳಿದ ಮೇಲೆ ಕುತ್ತಿಗೆಯನ್ನಷ್ಟೇ ಗಡ್ಡೆ ಕಟ್ಟಿಸಿ ಆ ಗಸಿಯನ್ನು ಹೊರಗೆ ಹಾರಿಸುತ್ತಾರೆ. ಹುದುಗಿದ ಬಾಟಲಿಯೇ ಅಂಗಡಿಗೆ ಬರುತ್ತದೆ. ಇದಕ್ಕೆ ‘ದಿಸ್’ ಅನ್ನುವ ಹಕ್ಕಿದೆ. ಕೋರ್ಬೆಲ್‌ನವರು ಇದನ್ನೇ ಹೆಮ್ಮೆಯಿಂದ ಹೇಳಿಕೊಂಡರು.

ಎರಡನೆಯ ಪದ್ಧತಿಯಲ್ಲೂ ಬಾಟಲಿಯಲ್ಲೇ ಹುದುಗಿಸುತ್ತಾರೆ. ಆದರೆ ಆಮೇಲೆ ಎಲ್ಲ ಬಾಟಲಿಗಳನ್ನೂ ಒತ್ತಡವಿರುವ ಟ್ಯಾಂಕಿಗೆ ಸುರಿದು, ಸೋಸಿ, ಬೇರೆ ಬಾಟಲಿಗೆ ತುಂಬುತ್ತಾರೆ. ತಿರುಗಿಸುವ ಕೂಲಿ ಉಳಿಯಿತು. ‘ಬಾಟಲಿಯಲ್ಲಿ ಹುದುಗಿಸಿದ್ದು’ ಅನ್ನುವುದು ಸುಳ್ಳೇನಲ್ಲ, ಯಾವ ಬಾಟಲಿ ಅಂತ ಮಾತ್ರ ಕೇಳಬಾರದು! ಮೂರನೆಯದು ದೊಡ್ಡ ಟ್ಯಾಂಕಿನಲ್ಲೇ ಹುದುಗಿಸುವ ಶಾರ್ಮಾ ಪದ್ಧತಿ, ಅಗ್ಗದ ಬಾಟಲಿಗಳಿಗೆ ಇದೇ ಆಧಾರ. ಇದನ್ನು ಬರೀ ಶಾಂಪೇನ್ ಅಂತ ಕರೆಯಲು ಅಮೆರಿಕದ ನಿಯಮ ಬಿಡುತ್ತಿರಲಿಲ್ಲ. ‘ಬಲ್ಕ್ ಪ್ರೋಸೆಸ್’ ಅಥವಾ ‘ಶಾರ್ಮಾ’ ಅಂತ ಬರೆಯಲೇಬೇಕಿತ್ತು. ನೀವು ಆ ಮಾತನ್ನು ಹುಡುಕಿ. ಎಲ್ಲಿ ಅಡಗಿಸಿದ್ದಾರೆ ಅನ್ನುವುದೇ ಒಂದು ಆಟ. ಲೇಬಲ್ಲಿನ ಮೇಲೆ ಬೆಳಕು ಬಿದ್ದು ಹೊಳೆಯುವ ಜಾಗದಲ್ಲಿ ಇದ್ದರೂ ಇರಬಹುದು.

ಪೌಲ್ ಮ್ಯಾಸನ್‌ನವರು ಇದನ್ನು ಇನ್ನೊಂದು ಬಗೆಯಲ್ಲಿ ಮಾಡಿದರು. 1970ರ ದಶಕದ ಕೊನೆಗೆ ಸಿನಿಮಾ ನಟ, ನಿರ್ದೇಶಕ ಆರ್ಸನ್ ವೆಲ್ಸ್ ಅವರನ್ನು ಟಿವಿ ಜಾಹೀರಾತಿಗೆ ಕೂರಿಸಿ, ಮೊದಲು ಫ್ರಾನ್ಸಿನ ಶಾಂಪೇನನ್ನು ಹೊಗಳಿಸಿ, ಆಮೇಲೆ ನಮ್ಮ ಕ್ಯಾಲಿಫೋರ್ನಿಯಾದ್ದೂ ಅದೇ ಸ್ಫೂರ್ತಿಯಿಂದ ಹುಟ್ಟಿದ್ದು, ಬಾಟಲಿಯಲ್ಲೇ ಹುದುಗಿದ್ದು ಅಂತ ಹೇಳಿಸಿದರು. ಆ ಚಿತ್ರೀಕರಣದ ಬಿಟ್ಟುಹೋದ ತುಣುಕುಗಳಲ್ಲಿ ವೆಲ್ಸ್ ತೊದಲುತ್ತಾ ಮಾತಾಡುವುದು ಇವತ್ತಿಗೂ ಜನ ನೋಡಿ ನಗುವ ವಿಡಿಯೊ.

ಇನ್ನು ಜಾಹೀರಾತು ಹೇಳದೇ ಬಿಟ್ಟದ್ದು. ನ್ಯೂಯಾರ್ಕ್ ಶಾಂಪೇನುಗಳು ಬಹುಕಾಲ ಕಟಾಬಾ, ಡೆಲವೇರ್‌ನಂಥ ಅಲ್ಲಿನದೇ ದ್ರಾಕ್ಷಿಗಳ ಮೇಲೆ ನಿಂತಿದ್ದವು. ಇವೆಲ್ಲ ಲ್ಯಾಬ್ರುಸ್ಕಾ ಎಂಬ ಅಮೆರಿಕನ್ ಜಾತಿಯ ರಕ್ತ ಇರುವಂಥವು. ಅದರ ವಾಸನೆ ಎಂಥದ್ದು ಅಂತ ನಮಗೆ ವಿವರಿಸಬೇಕಾಗಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆ ಬೆಳೆಯುವ ಬೆಂಗಳೂರು ಬ್ಲೂ ಕೂಡ ಅದೇ ಕಡೆಯ ಸಂಬಂಧ. ಆ ದ್ರಾಕ್ಷಿ ಬಾಯಿಗೆ ಹಾಕಿದ ಕೂಡಲೇ ಮೂಗಿಗೆ ಏರುವ ಜೋರು ಪರಿಮಳ ಇದೆಯಲ್ಲ, ಯುರೋಪಿನ ವೈನಿಗೆ ಒಗ್ಗಿದವರು ಅದಕ್ಕೆ ಮೂಗು ಮುರಿಯುತ್ತಿದ್ದರು. ಜಾಹೀರಾತಿನಲ್ಲಿ ಸರೋವರ ಇರುತ್ತದೆ, ಗುಡ್ಡ ಇರುತ್ತದೆ, ಪದಕ ಇರುತ್ತದೆ. ವಾಸನೆಯ ಮಾತು ಇರುವುದಿಲ್ಲ. ಆದರೂ ಅವರನ್ನು ಹಗುರವಾಗಿ ಕಾಣಬೇಡಿ. 1934ರಲ್ಲಿ ಫ್ರಾನ್ಸಿನ ಶಾಂಪೇನ್ ಕಂಪನಿ ವವ್ ಕ್ಲಿಕೊದಿಂದ ನ್ಯೂಯಾರ್ಕ್ ರಾಜ್ಯದ ಗೋಲ್ಡ್ ಸೀಲ್‌ಗೆ ಬಂದ ಚಾರ್ಲ್ಸ್ ಫೋರ್ನಿಯೆ ಮಾಡಿದ ಶಾಂಪೇನ್ 1950ರ ಕ್ಯಾಲಿಫೋರ್ನಿಯಾ ರಾಜ್ಯ ಮೇಳಕ್ಕೆ ಹೋಗಿ ಅವರ ಮನೆಯಲ್ಲೇ ಚಿನ್ನ ಗೆದ್ದುಕೊಂಡು ಬಂತು. ಆಮೇಲೆ ಹೊರ ರಾಜ್ಯದವರಿಗೆ ಆ ಮೇಳದ ಬಾಗಿಲು ಮುಚ್ಚಿತು.

ತೆರಿಗೆಯ ಮಾತೂ ಇರುವುದಿಲ್ಲ. 1980ರ ದಶಕದಲ್ಲೂ ಅಮೆರಿಕದಲ್ಲಿ ಒಂದು ಗ್ಯಾಲನ್ ಮಾಮೂಲಿ ಊಟದ ವೈನಿಗೆ ಕೇಂದ್ರದ ತೆರಿಗೆ 17 ಸೆಂಟ್ ಇದ್ದರೆ, ಶಾಂಪೇನಿಗೆ 3 ಡಾಲರ್ 40 ಸೆಂಟ್ ಇತ್ತು. ಇಪ್ಪತ್ತು ಪಟ್ಟು! ದಿನಾ ಕುಡಿಯಿರಿ ಅಂತ ಮಾರುವುದು ಕಷ್ಟ. ಆದ್ದರಿಂದಲೇ ಆ ಪುಟಗಳ ತುಂಬ ಮದುವೆ, ಹೊಸ ವರ್ಷ, ಬಡ್ತಿ. ಹಣ್ಣು ಹಾಕಿದ ‘ಶಾಂಪೇನ್ ಪಂಚ್’ ಮಾಡುವ ವಿಧಾನ ಇರುವ ಜಾಹೀರಾತು ಸಿಕ್ಕರೆ ಬಿಡಬೇಡಿ. ಒಂದು ಬಾಟಲಿ ಕೊಳ್ಳುವವರಿಂದ ಐದಾರು ಬಾಟಲಿ ಕೊಳ್ಳಿಸುವ ಉಪಾಯ ಅದು.

4. ವರ್ಷ ಕಂಡುಹಿಡಿಯಿರಿ

ಬಿಡಿ ಹಾಳೆಯ ಮೇಲೆ ತಾರೀಖು ಇದ್ದರೆ ಅದೃಷ್ಟ. ಪುಟದ ಅಂಚಿನಲ್ಲಿ ಮ್ಯಾಗಜೀನಿನ ಹೆಸರು, ತಿಂಗಳು ಕೆಲವು ಸಲ ಇರುತ್ತದೆ. ಇಲ್ಲದಿದ್ದರೆ ಹೀಗೆ ನೋಡಿ.

ವಿಳಾಸದಲ್ಲಿ ‘ನ್ಯೂಯಾರ್ಕ್ 17’ ಅನ್ನುವ ಹಾಗೆ ಊರಿನ ಮುಂದೆ ಒಂದೆರಡು ಅಂಕಿ ಇದ್ದರೆ 1943ರಿಂದ 1963ರ ನಡುವಿನದು. ಐದು ಅಂಕಿಯ ಜಿಪ್ ಕೋಡ್ ಇದ್ದರೆ 1963ರ ಜುಲೈ ನಂತರದ್ದು. 800ರಿಂದ ಶುರುವಾಗುವ ಉಚಿತ ಫೋನ್ ನಂಬರ್ ಇದ್ದರೆ 1967ಕ್ಕಿಂತ ಹಿಂದಿನದಲ್ಲ. ಲೇಬಲ್ಲಿನ ಮೇಲೆ ‘4/5 ಕ್ವಾರ್ಟ್’ ಅಂತ ಅಳತೆ ಇದ್ದರೆ ಹಳೆಯದು, ‘750 ಎಂಎಲ್’ ಇದ್ದರೆ 1970ರ ದಶಕದ ಕೊನೆಯದು ಅಥವಾ ಆಮೇಲಿನದು. 1979ರ ಜನವರಿಯಿಂದ ವೈನಿಗೆ ಮೆಟ್ರಿಕ್ ಅಳತೆ ಕಡ್ಡಾಯವಾಯಿತು.

ಗ್ಲಾಸೂ ಸಹಾಯಕ್ಕೆ ಬರುತ್ತದೆ. ತಟ್ಟೆಯಂಥ ಅಗಲ ಗ್ಲಾಸು 60ರ ದಶಕದವರೆಗೆ ಎಲ್ಲೆಲ್ಲೂ ಕಾಣುತ್ತದೆ, 80ರ ದಶಕದ ಹೊತ್ತಿಗೆ ಉದ್ದನೆಯ ಕೊಳಲಿನಂಥ ಗ್ಲಾಸು ಆ ಜಾಗ ಹಿಡಿದಿರುತ್ತದೆ. ಇದು ಅಂದಾಜಿಗಷ್ಟೇ. ಚಿತ್ರ ತೆಗೆಯುವವರಿಗೆ ಹಳೆ ಗ್ಲಾಸು ಚಂದ ಕಂಡರೆ ಅದನ್ನೇ ಇಟ್ಟುಬಿಡುತ್ತಾರೆ.

ಕಂಪನಿಯ ಹೆಸರು, ವಿಳಾಸ ಇನ್ನೂ ಗಟ್ಟಿ ಸಾಕ್ಷಿ. ಗ್ರೇಟ್ ವೆಸ್ಟರ್ನ್ ಜಾಹೀರಾತಿನಲ್ಲಿ ವಿಳಾಸ ರೀಮ್ಸ್‌ನದೋ ಹ್ಯಾಮಂಡ್ಸ್‌ಪೋರ್ಟಿನದೋ ನೋಡಿ. ಕುಕ್ಸ್ ಸೇಂಟ್ ಲೂಯಿಸ್‌ನದ್ದಾದರೆ ಹಳೆಯದು, ಕ್ಯಾಲಿಫೋರ್ನಿಯಾದ್ದಾದರೆ ಬ್ರ್ಯಾಂಡ್ ಕೈ ಬದಲಾದ ಮೇಲಿನದು. ಕೋರ್ಬೆಲ್ 1954ರಲ್ಲಿ ಹೆಕ್ ಕುಟುಂಬದ ಪಾಲಾಯಿತು, ಮ್ಯಾಗಜೀನುಗಳಲ್ಲಿ ಅದರ ಓಡಾಟ ಜಾಸ್ತಿಯಾದದ್ದು ಆಮೇಲೆ.

ಏನೂ ಸಿಗದಿದ್ದರೆ ಹಾಳೆ ತಿರುಗಿಸಿ. ಹಿಂದೆ ಇರುವ ಕಾರಿನ ಮಾಡೆಲ್, ಸಿನಿಮಾ ವಿಮರ್ಶೆ, ಚುನಾವಣೆ ಸುದ್ದಿ ಯಾವುದಾದರೂ ಒಂದು ವರ್ಷ ಹೇಳಿಯೇ ಹೇಳುತ್ತದೆ. ಅಮೆರಿಕದ ಕಾರು ಕಂಪನಿಗಳು ವರ್ಷಕ್ಕೊಂದು ಮಾಡೆಲ್ ಬಿಡುತ್ತಿದ್ದ ಕಾಲ ಅದು. ಕಾರು ಸಿಕ್ಕರೆ ವರ್ಷ ಸಿಕ್ಕ ಹಾಗೇ.

5. ಅಸಲಿಯೋ ನಕಲಿಯೋ

ಹಿಂಬದಿ ಖಾಲಿ ಇದ್ದರೆ ಅನುಮಾನ ಪಡಿ. ಮ್ಯಾಗಜೀನಿನ ಹಾಳೆಯ ಎರಡೂ ಕಡೆ ಅಚ್ಚು ಇರಬೇಕು. ಆಮೇಲೆ ಅಳತೆ. ಲೈಫ್ ದೊಡ್ಡ ಮ್ಯಾಗಜೀನ್, ಸುಮಾರು ಹತ್ತೂವರೆ ಇಂಚು ಅಗಲ, 14 ಇಂಚು ಉದ್ದ. ‘ಲೈಫ್‌ನ ಪೂರ್ತಿ ಪುಟ’ ಅಂತ 8 × 10 ಇಂಚಿನದ್ದು ಕೊಟ್ಟರೆ ಅದು ಮರುಮುದ್ರಣ.

ಮೂರನೆಯದಾಗಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿಯಲ್ಲಿ ಬಾಟಲಿಯ ಹಸಿರನ್ನು ನೋಡಿ. ಹಳೆ ಅಚ್ಚಿನಲ್ಲಿ ನೀಲಿ, ಹಳದಿ, ಕೆಂಪು, ಕಪ್ಪು ಚುಕ್ಕಿಗಳು ಸಾಲು ಹಿಡಿದು, ಸಣ್ಣ ಹೂವಿನ ದಳದ ಹಾಗೆ ಜೋಡಿಕೊಂಡಿರುತ್ತವೆ. ಇಂಕ್‌ಜೆಟ್ ಪ್ರಿಂಟರಿನ ನಕಲಿನಲ್ಲಿ ಚುಕ್ಕಿಗಳು ಧೂಳು ಎರಚಿದ ಹಾಗೆ ಎಲ್ಲೆಂದರಲ್ಲಿ ಬಿದ್ದಿರುತ್ತವೆ. ಒಂದು ಸಲ ನೋಡಿದರೆ ಆಮೇಲೆ ಮೋಸ ಹೋಗುವುದಿಲ್ಲ. ಫೋಟೊ ನೋಡಿ ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಮಾರುವವರಿಗೆ ಹಿಂಬದಿಯ ಫೋಟೊ, ಸ್ಕೇಲ್ ಇಟ್ಟು ತೆಗೆದ ಫೋಟೊ ಎರಡೂ ಕೇಳಿ. ಕೊಡಲ್ಲ ಅಂದರೆ ಬಿಟ್ಟುಬಿಡಿ.

6. ಕೊಳ್ಳುವಾಗ

ಬಿಡಿ ಹಾಳೆಗೆ ಸಾಮಾನ್ಯವಾಗಿ ಐದಾರು ಡಾಲರಿನಿಂದ ಇಪ್ಪತ್ತು ಡಾಲರಿನ ಒಳಗೆ ಕೇಳುತ್ತಾರೆ. ಭಾರತಕ್ಕೆ ತರಿಸಿದರೆ ಕಾಗದಕ್ಕಿಂತ ಅಂಚೆ ಖರ್ಚೇ ಜಾಸ್ತಿ ಆಗುತ್ತದೆ. ಒಬ್ಬರೇ ವ್ಯಾಪಾರಿಯಿಂದ ಹತ್ತು ಹಾಳೆ ಒಟ್ಟಿಗೆ ತರಿಸಿ. ನ್ಯೂಜೆರ್ಸಿಯಲ್ಲೋ ಸ್ಯಾನ್ ಹೋಸೆಯಲ್ಲೋ ಅಣ್ಣನೋ ಅತ್ತಿಗೆಯೋ ಇದ್ದರೆ ಅವರ ವಿಳಾಸಕ್ಕೆ ಕಳಿಸಿ, ರಜೆಗೆ ಬರುವಾಗ ತರಲು ಹೇಳಿ. ಮಡಿಸಬೇಡಿ, ಸುತ್ತಬೇಡಿ, ಸೂಟ್‌ಕೇಸಿನ ತಳದಲ್ಲಿ ಎರಡು ರಟ್ಟಿನ ಮಧ್ಯೆ ಇಡಿ ಅಂತ ಮುಂಚೆಯೇ ಹೇಳಿಬಿಡಿ.

ಕೂಪನ್ ಇರುವ ಜಾಹೀರಾತುಗಳಲ್ಲಿ ಮೂಲೆ ನೋಡಿ. ಪಂಚ್ ಮಾಡುವ ಪುಸ್ತಿಕೆಗೆ ಬರೆಯಿರಿ ಅಂತ ಕೂಪನ್ ಕೊಟ್ಟಿದ್ದರೆ ಯಾರೋ ಗೃಹಿಣಿ ಆಗಲೇ ಕತ್ತರಿಸಿಕೊಂಡಿರುತ್ತಾರೆ. ಬೆಲೆ ಕಮ್ಮಿ ಮಾಡಿಸಿಕೊಳ್ಳಿ. ನನಗಂತೂ ಕತ್ತರಿಸಿದ್ದೇ ಇಷ್ಟ, ಜಾಹೀರಾತು ಕೆಲಸ ಮಾಡಿದೆ ಅಂತ ಅದೇ ಸಾಕ್ಷಿ.

ಚೆನ್ನಾಗಿರುವ ಪೂರ್ತಿ ಸಂಚಿಕೆ ಸಿಕ್ಕರೆ ದಯವಿಟ್ಟು ಒಂದು ಪುಟಕ್ಕಾಗಿ ಹರಿಯಬೇಡಿ. ಎದುರಿನ ಪುಟದಲ್ಲಿ ಏನಿತ್ತು ಅನ್ನುವುದೂ ಆ ಜಾಹೀರಾತಿನ ಭಾಗವೇ. ಬೆನ್ನು ಮುರಿದ, ಮುಖಪುಟ ಹೋದ ಸಂಚಿಕೆಗಳು ಬೇಕಾದಷ್ಟು ಸಿಗುತ್ತವೆ, ಅವನ್ನು ಬಿಡಿಸಿಕೊಳ್ಳಿ.

7. ನಮ್ಮ ಹವೆಯಲ್ಲಿ ಕಾಪಾಡುವುದು

ಅಮೆರಿಕದ ಪುಸ್ತಕಗಳಲ್ಲಿ ಬರೆದ ಸಲಹೆ ಮಂಗಳೂರಿನ ಜುಲೈಗೆ ಸಾಲುವುದಿಲ್ಲ. ಈ ಮ್ಯಾಗಜೀನುಗಳ ನುಣುಪು ಕಾಗದದ ಮೇಲೆ ಜೇಡಿಯ ಲೇಪ ಇರುತ್ತದೆ. ಒದ್ದೆಯಾಗಿ ಒಣಗಿದರೆ ಹಾಳೆಗೆ ಹಾಳೆ ಅಂಟಿ ಇಟ್ಟಿಗೆಯಂತಾಗುತ್ತದೆ, ಬಿಡಿಸಲು ಹೋದರೆ ಬಣ್ಣ ಕಿತ್ತು ಬರುತ್ತದೆ. ಹಾಗಾಗಿ ಹಾಳೆಯ ಮೇಲೆ ಹಾಳೆ ಬರಿದೇ ಇಡಬೇಡಿ. ಒಂದೊಂದನ್ನೂ ಪಾಲಿಯೆಸ್ಟರ್ ಲಕೋಟೆಯಲ್ಲಿ, ಹಿಂದೆ ಆಮ್ಲವಿಲ್ಲದ ರಟ್ಟು ಕೊಟ್ಟು ಇಡಿ. ಫೈಲು ಅಂಗಡಿಯ ಮೆತ್ತನೆಯ ಪಿವಿಸಿ ಲಕೋಟೆ ಬೇಡ. ಕೆಲವು ವರ್ಷಕ್ಕೆ ಅಂಟಂಟಾಗಿ ಅಚ್ಚನ್ನು ಎಳೆದುಕೊಳ್ಳುತ್ತದೆ.

ಲ್ಯಾಮಿನೇಷನ್ ಮಾಡಿಸಬೇಡಿ, ಎಷ್ಟೇ ಆಸೆಯಾದರೂ. ಸೆಲ್ಲೊಟೇಪ್ ಬೇಡವೇ ಬೇಡ. ಗೋಡೆಗೆ ತಾಗಿದ ಬೀರುವಿನ ಕೆಳ ಅರೆಯಲ್ಲಿ ಇಡಬೇಡಿ, ತೇವ ಮೊದಲು ಬರುವುದು ಅಲ್ಲಿಗೇ. ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲದಲ್ಲಿ ಆಗಾಗ ಬದಲಾಯಿಸಿ. ಬೆಳ್ಳಿಹುಳ ಕಂಡರೆ ಡಬ್ಬ ಪೂರ್ತಿ ಖಾಲಿ ಮಾಡಿ ಒರೆಸಿ. ಬೇವಿನ ಸೊಪ್ಪು ಇಡುವ ಅಭ್ಯಾಸ ಇದ್ದರೆ ಚೆನ್ನಾಗಿ ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ, ಕಾಗದಕ್ಕೆ ತಾಗದಂತೆ ಇಡಿ. ಹಸಿ ಸೊಪ್ಪು ತಾನೇ ತೇವ ತರುತ್ತದೆ.

ಗೋಡೆಗೆ ಹಾಕುವುದಾದರೆ ಸ್ಕ್ಯಾನ್ ಮಾಡಿದ ಪ್ರತಿ ಹಾಕಿ, ಅಸಲಿಯನ್ನು ಒಳಗಿಡಿ. ಬಿಸಿಲಿಗೆ ಮೊದಲು ಹೋಗುವುದು ಕೆಂಪು ಮತ್ತು ಹಳದಿ. ಕಿಟಕಿ ಎದುರು ತೂಗುಹಾಕಿದ ಬಾಟಲಿ ನಾಲ್ಕು ವರ್ಷಕ್ಕೆ ನೀಲಿಯಾಗಿ ಕೂತಿರುತ್ತದೆ.

8. ಸ್ಕ್ಯಾನ್, ಹೆಸರು, ಹಂಚಿಕೆ

ಮನೆಯ ಎ4 ಸ್ಕ್ಯಾನರಿಗೆ ಲೈಫ್ ಪುಟ ಹಿಡಿಸುವುದಿಲ್ಲ. ಎರಡು ಸಲ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಜೋಡಿಸಿ. ಎರಡಕ್ಕೂ ನಡುವೆ ಮೂರು ಇಂಚಾದರೂ ಒಂದೇ ಭಾಗ ಬರುವ ಹಾಗೆ ಇಟ್ಟರೆ ಜೋಡಣೆ ಸುಲಭ. 600 ಡಿಪಿಐ ಇಡಿ, ಸಣ್ಣ ಅಕ್ಷರ ಓದಲು ಅಷ್ಟು ಬೇಕು. ಚುಕ್ಕಿಗಳಿಂದ ಅಲೆ ಅಲೆಯಾಗಿ ಕಂಡರೆ ಸ್ಕ್ಯಾನರಿನ ಡಿಸ್ಕ್ರೀನ್ ಆಯ್ಕೆ ಒತ್ತಿ. ಆದರೆ ಅದಿಲ್ಲದ ಒಂದು ಪ್ರತಿಯನ್ನೂ ಉಳಿಸಿಕೊಳ್ಳಿ.

ಒಂದು ಉಪಾಯ: ಹಾಳೆಯ ಹಿಂದೆ ಕಪ್ಪು ಕಾಗದ ಇಡಿ. ಸ್ಕ್ಯಾನರಿನ ಮುಚ್ಚಳ ಬೆಳ್ಳಗಿರುವುದರಿಂದ ತೆಳು ಕಾಗದದ ಹಿಂಬದಿಯ ಅಚ್ಚು ಮುಂದಕ್ಕೆ ಇಣುಕುತ್ತದೆ. ಕಪ್ಪು ಇಟ್ಟರೆ ಅದು ಮಾಯ. ಪುಟ ಕೊಂಚ ಮಬ್ಬಾಗುತ್ತದೆ, ಆಮೇಲೆ ಸರಿ ಮಾಡಿಕೊಳ್ಳಬಹುದು. ಹಿಂಬದಿಯನ್ನೂ ಒಂದು ಸ್ಕ್ಯಾನ್ ಮಾಡಿಡಿ, ವರ್ಷಕ್ಕೆ ಅದೇ ಆಧಾರ ಅಂತ ಮೇಲೆ ನೋಡಿದೆವಲ್ಲ.

ಫೈಲಿಗೆ ಹೆಸರು ಕೊಡುವಾಗ ವರ್ಷ ಮೊದಲು, ಆಮೇಲೆ ತಿಂಗಳು, ಮ್ಯಾಗಜೀನ್, ಕಂಪನಿ, ಪುಟ. ಹೀಗಿದ್ದರೆ ತಾನೇ ಕಾಲಕ್ರಮದಲ್ಲಿ ಸಾಲಾಗುತ್ತದೆ. ವರ್ಷ ಅಂದಾಜಿನದ್ದಾದರೆ ಹೆಸರಿನಲ್ಲೇ ‘ಅಂದಾಜು’ ಅಂತ ಸೇರಿಸಿ. ಇಲ್ಲದಿದ್ದರೆ ನಿಮ್ಮ ಊಹೆ ನಾಳೆ ಇನ್ನೊಬ್ಬರ ಇತಿಹಾಸ ಆಗುತ್ತದೆ. ಜೊತೆಗೆ ಒಂದು ಎಕ್ಸೆಲ್ ಹಾಳೆ ಮಾಡಿ. ಶಾಂಪೇನ್ ಪಕ್ಕದ ಊರು, ಬಾಟಲಿಯ ಮಾತು ‘ದಿಸ್’ ಅಥವಾ ‘ದ’ ಅಥವಾ ‘ಬಲ್ಕ್’, ಗ್ಲಾಸಿನ ಆಕಾರ, ಸಂದರ್ಭ, ಕಂಪನಿಯ ವಿಳಾಸ ಇಷ್ಟು ಕಾಲಂ ಸಾಕು.

ಆನ್‌ಲೈನಿನಲ್ಲಿ ಹಾಕಬಹುದಾ? ಅಮೆರಿಕದಲ್ಲಿ ಅಚ್ಚಾಗಿ 95 ವರ್ಷ ದಾಟಿದ್ದಕ್ಕೆ ಕಾಪಿರೈಟ್ ಇಲ್ಲ. 1978ಕ್ಕೆ ಹಿಂದಿನ ಜಾಹೀರಾತುಗಳ ವಿಷಯದಲ್ಲಿ ಆ ಜಾಹೀರಾತಿನ ಮೇಲೇ ಸ್ವಂತ ಕಾಪಿರೈಟ್ ಸೂಚನೆ ಇದೆಯಾ ಅಂತ ನೋಡಬೇಕು, ವೃತ್ತದೊಳಗಿನ ಸಿ ಅಕ್ಷರ. ಅದಿಲ್ಲದಿದ್ದರೆ ಸಾಮಾನ್ಯವಾಗಿ ಅದು ಎಲ್ಲರ ಸ್ವತ್ತು. ಮ್ಯಾಗಜೀನಿನ ಹೆಸರಲ್ಲಿರುವ ಕಾಪಿರೈಟ್ ಬೇರೆ ಕಂಪನಿಯ ಜಾಹೀರಾತಿಗೆ ತಾನಾಗಿ ಅನ್ವಯಿಸುವುದಿಲ್ಲ. ಆಮೇಲಿನವಕ್ಕೆ ಕಾನೂನು ಸಿಕ್ಕು ಸಿಕ್ಕಾಗಿದೆ, ಪೂರ್ತಿ ಪುಟ ಹಾಕುವ ಬದಲು ಮಾತಾಡಬೇಕಾದ ಭಾಗವನ್ನಷ್ಟೇ ಹಾಕಿ. ಕಾಪಿರೈಟ್ ಹೋಗಿದ್ದರೂ ಬ್ರ್ಯಾಂಡಿನ ಹೆಸರು ಕಂಪನಿಯದ್ದೇ, ಅದನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿ ಮಾರಲು ಹೋಗಬೇಡಿ. ಮತ್ತೆ, ಹಾಕುವಾಗ ಪುಟದ ತಳ ಕತ್ತರಿಸಬೇಡಿ. ಚಂದ ಕಾಣಲಿ ಅಂತ ಬಹಳ ಜನ ಮೊದಲು ಕತ್ತರಿಸುವುದು ಆ ಸಣ್ಣ ಅಕ್ಷರದ ಸಾಲನ್ನೇ.